ಕೋಡ್ ಬರೆದು ವಿಡಿಯೊ ಎಡಿಟಿಂಗ್: ಪರದೆ ಮೇಲೆ ಕನ್ನಡದ ಒತ್ತಕ್ಷರ ಒಡೆಯೋದೇಕೆ?

ನವೆಂಬರ್ ಹತ್ತಿರ ಬಂದರೆ ಗಲ್ಫ್‌ನ ಕನ್ನಡ ಸಂಘಗಳಲ್ಲಿ ವಿಡಿಯೊ ಮಾಡುವ ಹುಡುಗರಿಗೆ ಪುರುಸೊತ್ತೇ ಇರಲ್ಲ. ಅದೇ ಲೋಗೊ, ಅದೇ ಹಾಡು, ಶುಭಾಶಯ ಹೇಳುವವರ ಹೆಸರು ಮಾತ್ರ ಬೇರೆ. ಇಂಥ ಐವತ್ತು ತುಣುಕುಗಳನ್ನು ಶುಕ್ರವಾರದ ರಜೆಯೆಲ್ಲ ಕೂತು ಒಂದೊಂದಾಗಿ ಮಾಡುವ ಬದಲು, ಪೈಥಾನ್‌ನಲ್ಲಿ ಹತ್ತಿಪ್ಪತ್ತು ಸಾಲು ಬರೆದರೆ ಕಂಪ್ಯೂಟರೇ ಮಾಡಿಕೊಡುತ್ತೆ. ಅದಕ್ಕಿರುವ ಉಚಿತ ಲೈಬ್ರರಿಯೇ ಮೂವಿಪೈ.

ಪಿಪ್ ಮೂಲಕ ಹಾಕಿಕೊಂಡರೆ ವಿಡಿಯೊ ಓದಿ ಬರೆಯುವ ಎಫ್‌ಎಫ್‌ಎಂಪೆಗ್ ಕೂಡ ಜೊತೆಗೇ ಬರುತ್ತೆ. ಕತ್ತರಿಸೋದು, ಜೋಡಿಸೋದು, ಹಾಡು ಸೇರಿಸೋದು ಇಷ್ಟೇ ಆದರೆ ಬೇರೇನೂ ಬೇಡ. ಕೋಡ್ ಓಡಿಸುವಾಗಲೇ ಪ್ರಿವ್ಯೂ ನೋಡಬೇಕು ಅಂದರೆ ಮಾತ್ರ ಎಫ್‌ಎಫ್‌ಪ್ಲೇ ಇರುವ ಪೂರ್ತಿ ಎಫ್‌ಎಫ್‌ಎಂಪೆಗ್ ಅನ್ನು ಪ್ರತ್ಯೇಕ ಹಾಕಿಕೊಳ್ಳಬೇಕು.

ತಲೆನೋವು ಶುರುವಾಗೋದು ಪರದೆ ಮೇಲೆ ಅಕ್ಷರ ಮೂಡಿಸುವಾಗ. ನೆಟ್‌ನಲ್ಲಿ ಸಿಗುವ ಪಾಠಗಳಲ್ಲಿ ಬಹಳಷ್ಟು ಹಳೇ 1ನೇ ಸರಣಿಯವು. ಅದರಲ್ಲಿ ಅಕ್ಷರಕ್ಕೆ ಇಮೇಜ್‌ಮ್ಯಾಜಿಕ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಬೇಕಿತ್ತು. ವಿಂಡೋಸ್‌ನಲ್ಲಿ ಅದು ಎಲ್ಲಿದೆ ಅಂತ ಪೂರ್ತಿ ವಿಳಾಸ ಕೊಡಬೇಕಿತ್ತು. ಉಬುಂಟುವಿನಲ್ಲಿ ಅದರ ಪಾಲಿಸಿ ಫೈಲ್‌ನ ಒಂದು ಸಾಲು ಅಡ್ಡ ಬರುತ್ತಿತ್ತು. 2024ರ ಕೊನೆಗೆ ಬಂದ 2.0 ಆವೃತ್ತಿ ಇಮೇಜ್‌ಮ್ಯಾಜಿಕ್ ಅನ್ನೇ ಕೈಬಿಟ್ಟು, ಆ ಕೆಲಸವನ್ನು ಪಿಲ್ಲೊ ಲೈಬ್ರರಿಗೆ ವಹಿಸಿತು. ಹೊಸದಾಗಿ ಕಲಿಯುವವರು ಹಳೇ ಪಾಠ ನೋಡಿ ಇಮೇಜ್‌ಮ್ಯಾಜಿಕ್ ಹಿಂದೆ ಓಡುವುದು ಬೇಡ. ಹಳೇ ಕೋಡ್ ಹೊಸದರಲ್ಲಿ ಹಾಗೇ ಓಡೋದೂ ಇಲ್ಲ.

ಇಷ್ಟೆಲ್ಲ ಆದ ಮೇಲೂ ‘ರಾಜ್ಯೋತ್ಸವ’ ಅಂತ ಕೊಟ್ಟರೆ ಒತ್ತುಗಳು ಕೆಳಗೆ ಇಳಿಯದೆ ಪಕ್ಕದಲ್ಲೇ ನಿಂತುಬಿಡಬಹುದು. ಬಹಳ ಜನ ಫಾಂಟ್ ಸರಿಯಿಲ್ಲ ಅಂದುಕೊಂಡು ಒಂದಾದ ಮೇಲೊಂದು ಫಾಂಟ್ ಇಳಿಸ್ತಾ ಕೂರ್ತಾರೆ. ತಪ್ಪು ಹೆಚ್ಚಾಗಿ ಫಾಂಟ್‌ನದ್ದಲ್ಲ. ಯೂನಿಕೋಡ್‌ನಲ್ಲಿ ‘ಜ್ಯೋ’ ಅನ್ನುವುದು ಜ, ವಿರಾಮ ಚಿಹ್ನೆ, ಯ, ಓ ಸ್ವರಚಿಹ್ನೆ ಹೀಗೆ ಬಿಡಿಬಿಡಿಯಾಗಿ ಇರುತ್ತೆ. ಅದನ್ನು ಕೂಡಿಸಿ ಒತ್ತಕ್ಷರವಾಗಿಸಲು ಪಿಲ್ಲೊಗೆ ರಾಕ್ಮ್ ಎಂಬ ಸಹಾಯಕ ಬೇಕು. ರಾಕ್ಮ್ ಪಿಲ್ಲೊ ಒಳಗೇ ಬರುತ್ತೆ, ಆದರೆ ಫ್ರಿಬಿಡಿ ಎಂಬ ಇನ್ನೊಂದು ಸಿಗದಿದ್ದರೆ ಅದು ಎದ್ದೇಳುವುದೇ ಇಲ್ಲ. ತಮಾಷೆ ಏನಂದ್ರೆ, ಫ್ರಿಬಿಡಿ ಇರೋದೇ ಅರಬ್ಬಿಯಂತೆ ಬಲದಿಂದ ಎಡಕ್ಕೆ ಓಡುವ ಬರಹಕ್ಕಾಗಿ. ಅದಿಲ್ಲದೆ ಇಲ್ಲಿ ಕನ್ನಡವೂ ನೆಟ್ಟಗೆ ಬರಲ್ಲ.

ಇದೆಯೋ ಇಲ್ಲವೋ ನೋಡಲು ಟರ್ಮಿನಲ್‌ನಲ್ಲಿ ಪೈಥಾನ್, ಹೈಫನ್ ಎಂ, ಪಿಐಎಲ್ (ಇದು ದೊಡ್ಡಕ್ಷರದಲ್ಲಿ) ಅಂತ ಇಂಗ್ಲಿಷ್‌ನಲ್ಲಿ ಕೊಡಿ. ಬರುವ ಪಟ್ಟಿಯಲ್ಲಿ ರಾಕ್ಮ್ ಮುಂದೆ ‘ಓಕೆ’ ಇದ್ದರೆ ಸರಿ. ಇಲ್ಲದಿದ್ದರೆ ಉಬುಂಟುವಿನಲ್ಲಿ ಆಪ್ಟ್ ಮೂಲಕ, ಮ್ಯಾಕ್‌ನಲ್ಲಿ ಹೋಮ್‌ಬ್ರೂ ಮೂಲಕ ಫ್ರಿಬಿಡಿ ಹಾಕಿದರೆ ಸಾಕು. ವಿಂಡೋಸ್‌ನಲ್ಲಿ ಸ್ವಲ್ಪ ಗೋಜಲು. ಫ್ರಿಬಿಡಿಯ ಡಿಎಲ್‌ಎಲ್ ಫೈಲನ್ನು ಸಿಸ್ಟಂ ಹುಡುಕುವ ಜಾಗದಲ್ಲಿ ನಾವೇ ಇಡಬೇಕು, ಪೈಥಾನ್ 64 ಬಿಟ್ ಆದರೆ ಅದೂ 64 ಬಿಟ್‌ನದ್ದೇ ಆಗಿರಬೇಕು. ಸಿಕ್ಕಸಿಕ್ಕ ಸೈಟ್‌ನಿಂದ ಡಿಎಲ್‌ಎಲ್ ಇಳಿಸೋದು ಮಾತ್ರ ಅಪಾಯ. ಅದಕ್ಕಿಂತ ವಿಂಡೋಸ್ ಒಳಗೇ ಉಬುಂಟು ಓಡಿಸುವ ಡಬ್ಲ್ಯೂಎಸ್‌ಎಲ್ ವಾಸಿ.

ಫಾಂಟ್‌ಗೆ ಹೆಸರಲ್ಲ, ಫೈಲ್ ಇರುವ ವಿಳಾಸವನ್ನೇ ಕೊಡಬೇಕು. ನೋಟೊ ಸ್ಯಾನ್ಸ್ ಕನ್ನಡ ಉಚಿತ, ಚೆನ್ನಾಗಿಯೂ ಇದೆ. ಒತ್ತಕ್ಷರದ ಬುಡ ಕತ್ತರಿಸಿದಂತೆ ಕಂಡರೆ ಟೆಕ್ಸ್ಟ್‌ಕ್ಲಿಪ್‌ಗೆ ಕೆಳಗಡೆ ಮಾರ್ಜಿನ್ ಕೊಡಿ.

ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಇದ್ಯಾವುದನ್ನೂ ಹಾಕೋಕೆ ಬಿಡಲ್ಲ, ಬಿಟ್ಟರೂ ಐಟಿ ವಿಭಾಗವನ್ನು ಕೇಳದೆ ಕೈಹಾಕಬಾರದು. ಸ್ವಂತದ್ದರಲ್ಲೂ ರಾಕ್ಮ್ ಕೈಕೊಟ್ಟರೆ ಒಂದು ದಾರಿಯಿದೆ. ಕನ್ನಡ ಸರಿಯಾಗಿ ಬರುವ ಯಾವುದಾದರೂ ಆ್ಯಪ್‌ನಲ್ಲಿ, ಫೋನಿನಲ್ಲಾದರೂ ಸರಿ, ಹೆಸರುಗಳನ್ನು ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ ಮೂವಿಪೈಗೆ ಇಮೇಜ್‌ಕ್ಲಿಪ್ ಆಗಿ ಕೊಡಿ. ಐವತ್ತು ಹೆಸರಿಗೆ ಐವತ್ತು ಚಿತ್ರ ಮಾಡಬೇಕಾಗುತ್ತೆ ನಿಜ, ಆದರೆ ಅಕ್ಷರ ಒಡೆಯಲ್ಲ.