ಶಾಸ್ತ್ರವಾಕ್ಯವೂ ಅರ್ಥಧಾರಿಯೂ

ಉಡುಪಿಗೂ ಕುಂದಾಪುರಕ್ಕೂ ನಡುವೆ, ಕಡಲ ಕರೆಯ ಹೆದ್ದಾರಿಯಲ್ಲಿ, ಸಾಲಿಗ್ರಾಮವೆಂಬ ಊರುಂಟು. ಅಲ್ಲಿಯ ದೇವರು ಗುರುನರಸಿಂಹ. ಕೋಟದ ಸ್ಮಾರ್ತ ಬ್ರಾಹ್ಮಣರಿಗೆ ಈತನು ದೇವರು ಮಾತ್ರವಲ್ಲ, ಗುರುವೂ ಹೌದು. ಯತಿಗಳೊಬ್ಬರಿಗೆ ಸಲ್ಲಬೇಕಾದ ಗುರುಸ್ಥಾನವನ್ನು ಅವರು ಈ ಮೂರ್ತಿಗೇ ಕೊಟ್ಟಿದ್ದಾರೆ. ಅಲ್ಲಿಂದ ನಾಲ್ಕೈದು ಹರದಾರಿ ತೆಂಕಣಕ್ಕೆ ನಡೆದರೆ ಉಡುಪಿ. ೧೩ನೆಯ ಶತಮಾನದಲ್ಲಿ ಮಧ್ವಾಚಾರ್ಯರು ನೆಲೆಗೊಳಿಸಿದ ದ್ವೈತದ ತವರು.

ಈ ನೆರೆಹೊರೆಯ ಎರಡು ಊರುಗಳಲ್ಲಿ ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯವನ್ನು ಪಾರಾಯಣಮಾಡುವಾಗ ಕೇಳಿದರೆ, ಕಿವಿಗೆ ಬೀಳುವ ಧ್ವನಿಯಲ್ಲಿ ಭೇದವೇನೂ ಇಲ್ಲ. ಭೇದವಿರುವುದು ಅರ್ಥದಲ್ಲಿ, ಅದೂ ಅಲ್ಪಸ್ವಲ್ಪವಲ್ಲ, ಹೌದು ಅಲ್ಲ ಎಂಬಷ್ಟು. ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಒಂಬತ್ತು ಸಲ ಹೇಳುವ ‘ತತ್ತ್ವಮಸಿ’ ಎಂಬ ವಾಕ್ಯದ ಹಿಂದೆ ‘ಆತ್ಮಾ’ ಎಂಬ ಪದವುಂಟು. ಅದರ ಕೊನೆಯ ದೀರ್ಘಸ್ವರದಲ್ಲಿ ಒಂದು ಹ್ರಸ್ವ ಅಕಾರವು ಅಡಗಿಕೊಳ್ಳಲು ಸಂಸ್ಕೃತದ ಸಂಧಿನಿಯಮವು ಎಡೆಗೊಡುತ್ತದೆ. ಆದ್ದರಿಂದ ‘ಆತ್ಮಾ, ತತ್’ ಎಂದೂ ಬಿಡಿಸಬಹುದು, ‘ಆತ್ಮಾ, ಅತತ್’ ಎಂದೂ ಬಿಡಿಸಬಹುದು. ಶಂಕರರಿಗೆ ‘ಅದು ನೀನು’. ಮಧ್ವರಿಗೆ ‘ಅದು ನೀನಲ್ಲ’. ತಾಳೆಗರಿಯಲ್ಲಿ ಪದಗಳ ನಡುವೆ ತೆರವು ಬಿಡುವ ವಾಡಿಕೆಯಿರಲಿಲ್ಲ. ಅಚ್ಚಿನವನು ಬಿಟ್ಟ ಎಳ್ಳಿನಷ್ಟು ತೆರವೇ ಒಂದು ಭಾಷ್ಯವಾಯಿತು!

ಇದನ್ನು ವ್ಯಾಕರಣದ ಚಮತ್ಕಾರವೆಂದು ತಳ್ಳಿಹಾಕುವವರುಂಟು. ಅವರು ಉದ್ದಾಲಕನ ದೃಷ್ಟಾಂತಗಳನ್ನು ನೋಡಬೇಕು. ದಾರದಿಂದ ಕಟ್ಟಿದ ಹಕ್ಕಿ ದಿಕ್ಕುದಿಕ್ಕಿಗೆ ಹಾರಿ ಬಳಲಿ, ಕೊನೆಗೆ ಕಟ್ಟಿದ ಕಡೆಗೇ ಬರುತ್ತದೆ. ಹಕ್ಕಿಯೂ ಅದು ಆಶ್ರಯಿಸಿದ ನೆಲೆಯೂ ಒಂದೆಯೇ? ನದಿಗಳು ಸಮುದ್ರವನ್ನು ಸೇರಿ ತಮ್ಮನ್ನು ತಾವು ಅರಿಯದೆಹೋಗುತ್ತವೆ. ಹೆಸರಳಿದ ಮೇಲೆ ಉಳಿದದ್ದು ಸಮುದ್ರವೊಂದೇ ಎಂದು ಅದ್ವೈತಿಯು ಹೇಳಿದರೆ, ಬೇರೆಯೆಂದು ತೋರದ ಮಾತ್ರಕ್ಕೆ ಬೇರೆಯಲ್ಲವೆಂದಾಗದು ಎಂದು ಮಧ್ವರು ಹೇಳುತ್ತಾರೆ. ಇತ್ತ ಅದ್ವೈತಿಗಳೂ ವಾಕ್ಯವನ್ನು ಇದ್ದಂತೆಯೇ ಹಿಡಿದವರಲ್ಲ. ‘ಅದು’ ಎಂಬುದರಿಂದ ಸರ್ವಜ್ಞತ್ವವನ್ನೂ ‘ನೀನು’ ಎಂಬುದರಿಂದ ಅಲ್ಪಜ್ಞತ್ವವನ್ನೂ ಕಳೆದು, ಉಳಿದ ಚೈತನ್ಯಕ್ಕೆ ಮಾತ್ರ ಐಕ್ಯವನ್ನು ಹೇಳುತ್ತಾರೆ. ರಾಮಾನುಜರಲ್ಲಿ ‘ನೀನು’ ಎಂಬ ಪದವೇ ಜೀವನೊಳಗಿನ ಅಂತರ್ಯಾಮಿಯವರೆಗೆ ಹೋಗಿ ಮುಟ್ಟುತ್ತದೆ. ಬರಿಯ ಅಕ್ಷರಾರ್ಥದಲ್ಲಿ ನಿಂತವರು ಮೂವರಲ್ಲಿ ಒಬ್ಬರೂ ಇಲ್ಲ. ಪದಚ್ಛೇದದ ಸರಳತೆಯನ್ನು ನೋಡಿದರೆ ನಮ್ಮ ಮನಸ್ಸು ಶಂಕರರ ಕಡೆಗೆ ವಾಲುತ್ತದೆ. ಆದರೆ ಹಕ್ಕಿಯ ದೃಷ್ಟಾಂತವು ಮಧ್ವರ ಕೈಯಲ್ಲಿ ಬಲವಾಗಿಯೇ ನಿಲ್ಲುತ್ತದೆಂದು ಒಪ್ಪದೆ ಗತಿಯಿಲ್ಲ.

ಭಾಷ್ಯಕಾರನು ಏನು ಹೇಳಿದರೂ ಮೂಲವು ಅವನ ಮಾತಿನ ಮೇಲ್ಗಡೆ ಹಾಗೆಯೇ ಉಳಿದಿರುತ್ತದೆ. ಭಾಷಾಂತರಕಾರನಾದರೋ ಮೂಲವನ್ನು ತೆಗೆದು ಅದರ ಸ್ಥಳದಲ್ಲಿ ತನ್ನ ಮಾತನ್ನು ಕೂಡಿಸುತ್ತಾನೆ. ಸಂಸ್ಕೃತವು ಎರಡಕ್ಕೂ ಎಡೆಕೊಟ್ಟ ಕಡೆಯಲ್ಲಿ ಕನ್ನಡವು ‘ನೀನು’ ಎನ್ನಬೇಕು, ಇಲ್ಲವೆ ‘ನೀನಲ್ಲ’ ಎನ್ನಬೇಕು. ೧೬೫೭ರಲ್ಲಿ ದಾರಾ ಶುಕೋಹನು ಕಾಶಿಯ ಪಂಡಿತರ ನೆರವಿನಿಂದ ಉಪನಿಷತ್ತುಗಳನ್ನು ಪಾರಸಿಗೆ ತಂದಾಗ, ಶಂಕರಭಾಷ್ಯದ ಮಾತುಗಳೂ ಮೂಲದೊಡನೆ ಬೆರೆತುಹೋದವು. ಆ ಪಾರಸಿಯಿಂದ ಫ್ರಾನ್ಸಿನ ಆಂಕೆತಿಲ್ ದ್ಯುಪೆರಾನನು ೧೮೦೧–೦೨ರಲ್ಲಿ ಲ್ಯಾಟಿನ್ನಿಗೆ ತಂದನು. ಜರ್ಮನಿಯ ಷೋಪೆನ್‌ಹೌವರನು ಓದಿ ಮೆಚ್ಚಿದ್ದು ಆ ಲ್ಯಾಟಿನ್ನನ್ನು. ೧೮೭೯ರ ಮ್ಯಾಕ್ಸ್ ಮುಲ್ಲರನ ಇಂಗ್ಲಿಷೂ ‘ನೀನೇ ಅದು’ ಎಂಬ ಪಕ್ಷವನ್ನೇ ಹಿಡಿಯಿತು. ೧೯೮೬ರಲ್ಲಿ ಜೋಯೆಲ್ ಬ್ರೆರೆಟನ್ ಎಂಬ ಅಮೆರಿಕದ ವಿದ್ವಾಂಸರು ‘ತತ್’ ಎಂಬ ನಪುಂಸಕಕ್ಕೂ ‘ತ್ವಂ’ ಎಂಬುದಕ್ಕೂ ಲಿಂಗ ಹೊಂದದೆಂದು ವಾದಿಸಿ, ‘ನೀನು ಇರುವುದು ಹಾಗೆ’ ಎಂದು ಮೂರನೆಯದೊಂದು ಅರ್ಥವನ್ನು ಮುಂದಿಟ್ಟರು. ೧೯೯೬ರಲ್ಲಿ ಪ್ರಕಟವಾದ ಪ್ಯಾಟ್ರಿಕ್ ಒಲಿವೆಲ್ಲರ ಅನುವಾದವೂ ಅದೇ ಜಾಡನ್ನು ಹಿಡಿಯಿತು. ಇಂಗ್ಲಿಷಿನ ಮೂಲಕ ಉಪನಿಷತ್ತಿಗೆ ಬಂದ ನಮ್ಮಂಥ ವಿದ್ಯಾವಂತರಲ್ಲಿ ಎಷ್ಟೋ ಮಂದಿ ಈ ದೂರದ ಪಂಡಿತರ ಹೆಸರುಗಳನ್ನು ಬಲ್ಲರು. ಉಡುಪಿಯ ಪಾಠವೊಂದು ಉಂಟೆಂಬುದನ್ನೇ ಅರಿಯರು.

ಸಾಲಿಗ್ರಾಮದ ಸೀಮೆಯ ರೈತನಿಗೆ ಈ ವಿಷಯದಲ್ಲಿ ನಮಗಿಂತ ಹೆಚ್ಚಿನ ತಿಳಿವಳಿಕೆಯುಂಟು. ಅದು ಯಕ್ಷಗಾನದ ನಾಡು. ಊರಿನ ಹೆಸರಿನ ಮೇಳವೇ ಒಂದುಂಟು. ತಾಳಮದ್ದಳೆಯಲ್ಲಿ ಭಾಗವತನು ಪದ್ಯವನ್ನು ಹಾಡುತ್ತಾನೆ, ಅರ್ಥಧಾರಿಯು ಅದಕ್ಕೆ ಆಗಲೇ ಮಾತು ಕಟ್ಟಿ ಅರ್ಥ ಹೇಳುತ್ತಾನೆ. ಅದೇ ಪದ್ಯದಿಂದ ಈ ರಾತ್ರಿಯ ಕರ್ಣನು ಅಭಿಮಾನಿಯಾಗಿ ಏಳುತ್ತಾನೆ. ಇನ್ನೊಂದು ರಾತ್ರಿಯ ಕರ್ಣನು ಪಶ್ಚಾತ್ತಾಪದಿಂದ ಬೇಯುತ್ತಾನೆ. ಕೇಳುವವರು ಮರುದಿನ ಅವರಿಬ್ಬರನ್ನೂ ಹೋಲಿಸಿ ವಾದಿಸುತ್ತಾರೆಯೇ ಹೊರತು, ಅರ್ಥಧಾರಿಯ ಮಾತನ್ನು ಭಾಗವತನ ಪದ್ಯವೆಂದು ಯಾರೂ ಭ್ರಮಿಸುವುದಿಲ್ಲ. ಅಚ್ಚಾದ ಭಾಷಾಂತರದಲ್ಲಿ ಅರ್ಥಧಾರಿಯು ಪರದೆಯ ಹಿಂದೆ ಕುಳಿತು ಭಾಗವತನ ದನಿಯಲ್ಲಿ ನುಡಿಯುತ್ತಾನೆ.

ಸಾಮಾನ್ಯ ಓದುಗನಿಗೆ ಇಷ್ಟೆಲ್ಲ ಗೊಂದಲ ಬೇಡ, ಒಂದೇ ಅರ್ಥವನ್ನು ಹೇಳಿ ಮುಗಿಸಬೇಕೆಂದು ಪ್ರಕಾಶಕರು ಹೇಳಿಯಾರು. ಇಬ್ಬರು ಕರ್ಣರನ್ನು ಬೆಳತನಕ ಕೇಳಬಲ್ಲವನಿಗೆ ಪುಟದ ಅಡಿಯ ಎರಡು ಸಾಲು ಭಾರವಾಗುವುದೇ? ನಾವು ಕೇಳುವುದು ಅಷ್ಟನ್ನೇ: ಮೂಲವು ಕನ್ನಡ ಲಿಪಿಯಲ್ಲಿ ಮೇಲಿರಲಿ, ಪದಚ್ಛೇದವು ಯಾರ ಮತದ್ದೆಂಬುದನ್ನು ಕೆಳಗೆ ಹೆಸರಿಸಲಿ, ಬೇರೆ ಆಚಾರ್ಯರು ಬೇರೆ ಕಡೆ ಬಿಡಿಸಿದ್ದರೆ ಆ ಸ್ಥಳದಲ್ಲಿ ಒಂದು ಗುರುತು ಹಾಕಲಿ.