ಹೆಸರು, ಗೋತ್ರ, ನಕ್ಷತ್ರ

ಮನುಷ್ಯನಿಗೆ ತನ್ನ ಹೆಸರಿನ ವಿಷಯದಲ್ಲಿ ಎರಡು ಆಸೆಗಳುಂಟು. ಕೆಲವು ಸಂದರ್ಭಗಳಲ್ಲಿ ಅದು ಬಹುಕಾಲ ಉಳಿಯಬೇಕೆಂದು ಅವನು ಬಯಸುತ್ತಾನೆ. ಮತ್ತೆ ಕೆಲವು ಸಂದರ್ಭಗಳಲ್ಲಿ ಅದು ಪರರ ಕಿವಿಗೆ ಬೀಳದಿರಲೆಂದು ಬಯಸುತ್ತಾನೆ. ನಮ್ಮ ಹಳೆಯ ದೇವಾಲಯಗಳಲ್ಲಿ ಈ ಎರಡು ಆಸೆಗಳಿಗೂ ಬೇರೆ ಬೇರೆ ಎಡೆಗಳಿದ್ದುವು. ಇಂದು ಎರಡೂ ಒಂದೇ ಕಡತದಲ್ಲಿ ಸೇರಿಹೋಗುತ್ತಿವೆ. ಆ ವಿಷಯವಾಗಿ ನಾಲ್ಕು ಮಾತು ಹೇಳುವುದು ಈ ಬರಹದ ಉದ್ದೇಶ.

ದಾವಣಗೆರೆಗೆ ಸುಮಾರು ೧೪ ಕಿಲೋಮೀಟರು ದೂರದಲ್ಲಿ, ತುಂಗಭದ್ರೆಯ ದಡದ ಮೇಲೆ ಹರಿಹರವಿದೆ. ಅಲ್ಲಿಯ ಹರಿಹರೇಶ್ವರ ದೇವಾಲಯವನ್ನು ೧೨೨೩-೨೪ರ ವೇಳೆಗೆ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ೧೨೬೮ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನು ಅದಕ್ಕೆ ಇನ್ನಷ್ಟು ಕಟ್ಟಡವನ್ನು ಸೇರಿಸಿದನು. ಬಲಭಾಗದಲ್ಲಿ ಹರ, ಎಡಭಾಗದಲ್ಲಿ ಹರಿ. ಎರಡು ಮತಗಳ ಭಕ್ತರೂ ಒಂದೇ ಮೂರ್ತಿಯ ಮುಂದೆ ಕೈಮುಗಿಯುವ ಸ್ಥಳ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವಾದರೂ ಅದು ಪೂಜೆ ನಿಲ್ಲದ ಗುಡಿ.

ಆ ಗುಡಿಯ ಆವರಣದಲ್ಲಿ ನಿಂತಿರುವ ಎತ್ತರದ ಶಾಸನಶಿಲೆಗಳನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಬಿ. ಎಲ್. ರೈಸರು ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ, ಅಂದಿನ ಚಿತ್ರದುರ್ಗ ಜಿಲ್ಲೆಯ ದಾವಣಗೆರೆ ತಾಲ್ಲೂಕಿನ ಶಾಸನಗಳ ಜೊತೆಯಲ್ಲಿ, ಅವನ್ನು ಅಚ್ಚು ಹಾಕಿಸಿದರು. ಅವುಗಳಲ್ಲಿ ದಾನ ಕೊಟ್ಟವರ ಹೆಸರುಂಟು, ವಂಶವುಂಟು, ಬಿರುದುಂಟು. ಆ ಹೆಸರುಗಳು ಕಲ್ಲನ್ನೇರಿದುದು ಹೆಸರಿನವರ ಇಚ್ಛೆಯಿಂದ. ಸೂರ್ಯಚಂದ್ರರಿರುವವರೆಗೆ ತಮ್ಮ ದಾನ ನಡೆಯಲಿ, ನಾಡೆಲ್ಲ ಓದಲಿ ಎಂದೇ ಅವರು ಬರೆಯಿಸಿದರು. ಅವರ ಹೆಸರನ್ನು ನಾವಿಂದು ಓದುವುದರಲ್ಲಿ ಯಾವ ಅಪಚಾರವೂ ಇಲ್ಲ.

ಆದರೆ ಅದೇ ಗುಡಿಯಲ್ಲಿ ಹೆಸರಿಗೆ ಇನ್ನೊಂದು ಎಡೆಯುಂಟು. ಅದು ಗರ್ಭಗುಡಿಯ ಬಾಗಿಲು. ಕಾಯಿ ಹಣ್ಣುಗಳ ತಟ್ಟೆಯನ್ನು ತೆಗೆದುಕೊಂಡು ಅರ್ಚಕರು ‘ಹೆಸರು? ನಕ್ಷತ್ರ? ಗೋತ್ರ?’ ಎಂದು ಕೇಳುವರು. ನಾವು ತಗ್ಗಿದ ದನಿಯಲ್ಲಿ ಹೇಳುವೆವು. ಅವರು ಅದನ್ನು ಸಂಕಲ್ಪದಲ್ಲಿ ಸೇರಿಸಿ ದೇವರಿಗೆ ನಿವೇದಿಸುವರು. ಅಲ್ಲಿಗೆ ಮುಗಿಯಿತು. ಘಂಟೆಯ ನಾದದೊಡನೆ ಆ ಹೆಸರೂ ಗಾಳಿಯಲ್ಲಿ ಕರಗಿಹೋಗುವುದು. ಮುಂದಿನವರ ತಟ್ಟೆ ಬರುವ ಹೊತ್ತಿಗೆ ಅರ್ಚಕರಿಗೇ ಅದು ನೆನಪಿರುವುದಿಲ್ಲ. ಗೋತ್ರ ತಿಳಿಯದೆಂದು ಯಾರಾದರೂ ಹೇಳಿದರೆ ಕಾಶ್ಯಪ ಗೋತ್ರವೆಂದೋ ಶಿವಗೋತ್ರವೆಂದೋ ಸೇರಿಸಿಕೊಂಡು ಮುಂದೆ ಸಾಗುವ ಪದ್ಧತಿಯೂ ಉಂಟು. ಕಲ್ಲಿನ ಹೆಸರಿನಷ್ಟೇ ಹಳೆಯ ಸಂಪ್ರದಾಯ ಈ ಕರಗುವ ಹೆಸರಿನದೂ ಹೌದು. ರೋಗಿಗಳು, ಸಾಲಗಾರರು, ಮಗಳ ಮದುವೆಯ ಚಿಂತೆಯವರು ಇಷ್ಟು ಕಾಲವೂ ನಿರ್ಭಯವಾಗಿ ದೇವರ ಮುಂದೆ ಬಾಯಿ ಬಿಟ್ಟುದು ಈ ಮರೆವಿನ ಆಶ್ರಯದಲ್ಲಿ.

ಇಂದು ಅನೇಕ ಕ್ಷೇತ್ರಗಳ ಸೇವೆಗಳನ್ನು ಮನೆಯಲ್ಲೇ ಕುಳಿತು ಗೊತ್ತುಮಾಡಬಹುದು. ದೂರದೂರಿನಲ್ಲಿರುವ ಮಕ್ಕಳಿಗೆ, ನಡೆಯಲಾರದ ವೃದ್ಧರಿಗೆ ಇದೊಂದು ದೊಡ್ಡ ಅನುಕೂಲ. ಅದನ್ನು ನಾನು ಹಳಿಯುವುದಿಲ್ಲ. ಆದರೆ ಆ ನಮೂನೆಯನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಹೆಸರು, ನಕ್ಷತ್ರ, ರಾಶಿ, ಗೋತ್ರ, ವಿಳಾಸ, ದೂರವಾಣಿ ಸಂಖ್ಯೆ, ಕೆಲವೆಡೆ ಹುಟ್ಟಿದ ದಿನ. ಮಗ್ಗುಲಲ್ಲಿ ಒಂದು ಪುಟ್ಟ ನಕ್ಷತ್ರದ ಗುರುತು. ಅದಿದ್ದ ಜಾಗವನ್ನು ತುಂಬದೆ ಮುಂದೆ ಹೋಗುವಂತಿಲ್ಲ. ಅರ್ಚಕರು ಗೋತ್ರ ತಿಳಿಯದವನನ್ನು ಹಿಂದಕ್ಕೆ ಕಳುಹಿಸಲಿಲ್ಲ. ಈ ನಮೂನೆ ಕಳುಹಿಸುತ್ತದೆ.

ಕೇಳದೆಯೇ ತೆಗೆದುಕೊಳ್ಳುವ ವಿವರಗಳು ಬೇರೆ ಇವೆ. ಯಾವುದೇ ಜಾಲತಾಣವನ್ನು ತೆರೆದಾಗ ನಮ್ಮ ಸಂಪರ್ಕದ ಸಂಖ್ಯೆ, ಬಂದ ಹೊತ್ತು, ನೋಡಿದ ಪುಟ, ಕೈಯಲ್ಲಿರುವ ಯಂತ್ರದ ಬಗೆ ಇವು ಆ ಕಡೆಯ ದಿನಚರಿಯಲ್ಲಿ ದಾಖಲಾಗುವುದು ರೂಢಿ. ಕುಕಿ ಎಂಬ ಸಣ್ಣ ಗುರುತುಚೀಟಿಯೊಂದನ್ನು ನಮ್ಮ ಯಂತ್ರದಲ್ಲಿ ಇರಿಸಿ, ಮತ್ತೆ ಬಂದಾಗ ನಮ್ಮನ್ನು ಗುರುತು ಹಿಡಿಯುವುದೂ ಉಂಟು. ಪುಟದಲ್ಲಿ ದಾರಿ ತೋರಿಸುವ ನಕಾಶೆಯನ್ನೋ ಉತ್ಸವದ ಚಲಚ್ಚಿತ್ರವನ್ನೋ ಬೇರೊಂದು ಸಂಸ್ಥೆಯಿಂದ ತಂದು ಅಂಟಿಸಿದ್ದರೆ, ನಾವು ಬಂದೆವೆಂಬ ಸುದ್ದಿ ಆ ಸಂಸ್ಥೆಗೂ ತಲಪುತ್ತದೆ. ಗುಡಿಗೆ ಹೋದ ಸಂಗತಿಯನ್ನು ಗುಡಿಯವರಲ್ಲದವರೂ ಬರೆದಿಟ್ಟುಕೊಂಡಂತಾಯಿತು.

ಇದರಿಂದ ಯಾರಿಗೇನು ನಷ್ಟ ಎಂದು ಕೇಳುವವರಿದ್ದಾರೆ. ದಾವಣಗೆರೆಯಲ್ಲಿ ನನಗೆ ಪರಿಚಯದ ಉಪಾಧ್ಯಾಯಿನಿಯೊಬ್ಬರಿದ್ದಾರೆ. ಅವರ ತಂದೆ ಕಾಯಿಲೆ ಬಿದ್ದಾಗ ದೂರದ ಕ್ಷೇತ್ರವೊಂದರಲ್ಲಿ ಆಯುಷ್ಯಕ್ಕಾಗಿ ಮೃತ್ಯುಂಜಯ ಜಪವನ್ನು ಈ ರೀತಿಯಲ್ಲೇ ಗೊತ್ತುಮಾಡಿದರು. ಪ್ರಸಾದವೂ ಬಂದಿತು. ಕೆಲವು ತಿಂಗಳಲ್ಲಿ ತಂದೆ ತೀರಿಕೊಂಡರು. ಮರುವರ್ಷ ಅದೇ ತಾರೀಖಿನಂದು, ಶಾಲೆಯ ಬಿಡುವಿನ ವೇಳೆಯಲ್ಲಿ, ಅವರ ಫೋನಿಗೆ ಒಂದು ಸಂದೇಶ ಬಂದಿತು: ತಂದೆಯ ಹೆಸರು, ನಕ್ಷತ್ರಗಳನ್ನು ನಮೂದಿಸಿ, ಅವರ ದೀರ್ಘಾಯುಷ್ಯಕ್ಕಾಗಿ ಸೇವೆಯನ್ನು ಮುಂದುವರಿಸಬೇಕೆಂಬ ಕೋರಿಕೆ. ಕಳುಹಿಸಿದವರಲ್ಲಿ ಕೇಡೆಣಿಕೆಯಿರಲಿಲ್ಲ. ಮನುಷ್ಯರು ಯಾರೂ ಕುಳಿತು ಅದನ್ನು ಬರೆದಿರಲಾರರು. ‘ಅವರು ಕೇಳಿದ್ದಕ್ಕೆ ಬೇಜಾರಿಲ್ಲ ಸಾರ್, ಅಪ್ಪನ ಹೆಸರು ಇನ್ನೂ ಅಲ್ಲಿದೆಯಲ್ಲ, ಅದನ್ನ ತೆಗೆಯೋದಕ್ಕೆ ಯಾರನ್ನ ಕೇಳಬೇಕು?’ ಎಂದು ಆಕೆ ನನ್ನನ್ನು ಕೇಳಿದರು. ಆ ಪುಟದಲ್ಲೆಲ್ಲೂ ಅದಕ್ಕೆ ಉತ್ತರವಿರಲಿಲ್ಲ.

ಇದು ಮನಸ್ಸಿನ ನೋವಿನ ಮಾತಾಯಿತು. ನೋವನ್ನೂ ಮೀರಿದ ಅಪಾಯವಿದೆ. ಗೋತ್ರವೆಂದರೆ ಜಾತಿಯ ಸುಳಿವು. ಸೇವೆಯ ಹೆಸರೆಂದರೆ ಮನೆಯ ಕಷ್ಟದ ಸುಳಿವು. ಅವಕ್ಕೆ ವಿಳಾಸವೂ ದೂರವಾಣಿ ಸಂಖ್ಯೆಯೂ ಸೇರಿದರೆ, ಯಾವ ಬೀದಿಯಲ್ಲಿ ಯಾವ ಜಾತಿಯವರಿಗೆ ಏನು ಕೊರಗಿದೆಯೆಂಬ ಪಟ್ಟಿಯೇ ಸಿದ್ಧವಾದಂತೆ. ಇಂಥ ಪಟ್ಟಿ ಮತ ಕೇಳುವವನಿಗೆ ಬೇಕು, ಔಷಧ ಮಾರುವವನಿಗೆ ಬೇಕು, ಸಾಲ ಕೊಡುವವನಿಗೆ ಬೇಕು, ಹುಸಿ ಪರಿಹಾರ ಹೇಳುವವನಿಗಂತೂ ಬೇಕೇ ಬೇಕು.

ದೊಡ್ಡ ದೊಡ್ಡ ಕಂಪನಿಗಳೇ ನಮ್ಮದೆಲ್ಲವನ್ನೂ ಬಲ್ಲುವಾಗ ಒಂದು ಸಣ್ಣ ಗುಡಿಯ ಲೆಕ್ಕವೇನು ಎಂಬ ವಾದವುಂಟು. ನನಗೆ ತೋರುವಂತೆ ಸಣ್ಣ ಸ್ಥಳಗಳಲ್ಲಿಯೇ ಎಚ್ಚರ ಹೆಚ್ಚು ಬೇಕು. ದೊಡ್ಡವರಲ್ಲಿ ಕಾವಲಿಗಾದರೂ ಜನರಿರುತ್ತಾರೆ. ಸಣ್ಣ ದೇವಾಲಯ, ಸಣ್ಣ ವಸ್ತುಸಂಗ್ರಹಾಲಯ, ಸಣ್ಣ ಸ್ಮಾರಕಭವನ ಇವುಗಳ ಜಾಲತಾಣವನ್ನು ಯಾರೋ ಒಬ್ಬ ಉತ್ಸಾಹಿ ತರುಣ ಸಿದ್ಧ ಸಾಮಗ್ರಿಗಳಿಂದ ಕಟ್ಟಿಕೊಟ್ಟಿರುತ್ತಾನೆ. ಅವನು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದಮೇಲೆ ಅದರ ಕೀಲಿ ಯಾರಲ್ಲಿದೆಯೆಂಬುದೇ ಆಡಳಿತದವರಿಗೆ ತಿಳಿದಿರುವುದಿಲ್ಲ. ಖಾಸಗಿತನದ ನೀತಿ ಎಂಬ ತಲೆಬರಹದ ಕೆಳಗೆ ಪರದೇಶದ ಯಾವುದೋ ಅಂಗಡಿಯ ಇಂಗ್ಲಿಷ್ ಒಕ್ಕಣೆ ಹಾಗೆಯೇ ಕುಳಿತಿರುವುದನ್ನು ನಾನು ಕಂಡಿದ್ದೇನೆ. ನಂಬಿ ಕೊಟ್ಟ ಹೆಸರಿಗೆ ಅಲ್ಲಿ ಕಾವಲೂ ಇಲ್ಲ, ಕೊನೆಯೂ ಇಲ್ಲ.

ಈ ವಿಷಯದಲ್ಲಿ ದೇಶದ ಕಣ್ಣು ತೆರೆಸಿದ ಮೊಕದ್ದಮೆಗೆ ಕನ್ನಡ ನಾಡಿನ ಹೆಸರೇ ಅಂಟಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತರ ಮೇಲಿನ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ಅದರಿಂದ ಹುಟ್ಟಿದ ಪ್ರಶ್ನೆಗೆ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು ೨೦೧೭ರ ಆಗಸ್ಟ್ ೨೪ರಂದು ಒಮ್ಮತದಿಂದ ಉತ್ತರ ಕೊಟ್ಟಿತು: ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ತೀರಿಕೊಂಡರು. ಅದಕ್ಕೆ ಮೊದಲೇ, ೨೦೨೩ರ ಆಗಸ್ಟಿನಲ್ಲಿ, ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಸಂಸತ್ತು ಅಧಿನಿಯಮವೊಂದನ್ನು ಅಂಗೀಕರಿಸಿತ್ತು. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದುವು. ಮುಖ್ಯವಾದ ಹೊಣೆಗಳು ಅಲ್ಲಿಂದ ಹದಿನೆಂಟು ತಿಂಗಳಿಗೆ ಜಾರಿಗೆ ಬರುವಂತೆ ಗೊತ್ತುಮಾಡಲಾಗಿದೆ.

ಆ ಅಧಿನಿಯಮದ ಸಾರವನ್ನು ಹೇಳಲು ವಕೀಲರೇ ಆಗಬೇಕಾಗಿಲ್ಲ. ಯಾವ ಕೆಲಸಕ್ಕೆಂದು ಕೇಳುತ್ತೀರೋ ಆ ಕೆಲಸಕ್ಕೆ ಬೇಕಾದಷ್ಟನ್ನೇ ಕೇಳಿರಿ; ಕೇಳುವಾಗ ಏಕೆಂಬುದನ್ನು ತಿಳಿಸಿರಿ; ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಲಿ; ಕೆಲಸ ಮುಗಿದ ಮೇಲೆ, ಬೇರೆ ಕಾನೂನಿನ ಅಗತ್ಯವಿಲ್ಲದಿದ್ದರೆ, ಅಳಿಸಿಬಿಡಿರಿ. ಹದಿನೆಂಟು ವರ್ಷ ತುಂಬದವರ ವಿವರಕ್ಕೆ ತಂದೆತಾಯಿಗಳ ಒಪ್ಪಿಗೆ ಬೇಕು. ತಿಳಿವಳಿಕೆಯ ಪತ್ರವನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಾಗಲಿ ಓದುವ ಆಯ್ಕೆ ಪ್ರಜೆಗಿರಬೇಕು. ಅಂದರೆ ಕನ್ನಡದಲ್ಲಿ ಕೇಳುವ ಹಕ್ಕು ನಮಗುಂಟು. ಮಾಹಿತಿಯನ್ನು ಸರಿಯಾಗಿ ಕಾಯದೆ ಹೋದವರಿಗೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ದತ್ತಿಯನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪ ತಟ್ಟಲಿ ಎಂದು ನಮ್ಮ ಶಾಸನಗಳ ಕೊನೆಯಲ್ಲಿ ಕಾಣುವ ಶಾಪಾಶಯದ ಜಾಗಕ್ಕೆ ಇದು ಬಂದಿದೆಯೆನ್ನಬಹುದು. ಎರಡರ ಉದ್ದೇಶವೂ ಒಂದೇ: ನಂಬಿ ಕೊಟ್ಟುದನ್ನು ನಂಬಿಕೆಯಂತೆ ಕಾಯುವುದು.

ಕಾಗದದ ಸಂದರ್ಶಕರ ಪುಸ್ತಕಕ್ಕೆ ಈ ಕಾನೂನು ತಾಗುವುದಿಲ್ಲ; ಅದರಲ್ಲಿರುವುದನ್ನು ಗಣಕಯಂತ್ರಕ್ಕೆ ಏರಿಸಿದಾಗ ತಾಗುತ್ತದೆ. ಆದರೆ ಸೌಜನ್ಯಕ್ಕೆ ಆ ಭೇದವಿಲ್ಲ. ಕೋವಿಡ್ ಬಂದ ೨೦೨೦ರಲ್ಲಿ ಬಾಗಿಲು ಬಾಗಿಲಿಗೆ ಪುಸ್ತಕವಿರಿಸಿ ಹೆಸರು, ಸಂಖ್ಯೆಗಳನ್ನು ಬರೆಯಿಸಿಕೊಂಡರು. ರೋಗಿಯ ಸಂಪರ್ಕಕ್ಕೆ ಬಂದವರನ್ನು ಹುಡುಕಲು ಅದು ಬೇಕಾಗಿತ್ತು. ಆ ಕಾಲ ಕಳೆದ ಮೇಲೂ ಬರೆಯಿಸುವ ಅಭ್ಯಾಸ ಕೆಲವೆಡೆ ಉಳಿದುಬಿಟ್ಟಿತು. ಪುಟ ತೆರೆದೇ ಇರುವುದರಿಂದ ಮುಂದೆ ಬಂದವನು ಹಿಂದೆ ಬಂದವಳ ಸಂಖ್ಯೆಯನ್ನು ಓದಬಲ್ಲ. ಒಂಟಿಯಾಗಿ ಗುಡಿ ನೋಡಲು ಬಂದ ವಿದ್ಯಾರ್ಥಿನಿಗೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಸಣ್ಣ ಸ್ಥಳವೊಂದು ಮಾಡಬೇಕಾದುದೇನು? ಒಂದು ಅರ್ಧ ಪುಟದ ಕನ್ನಡ ಸಾಕು. ಹರಿಹರದಂಥ ಯಾವುದೇ ಗುಡಿಯ ಬಾಗಿಲಿಗೆ ಒಪ್ಪುವಂತೆ ನಾನು ಅದನ್ನು ಹೀಗೆ ಬರೆಯುವೆನು:

‘ಇಲ್ಲಿಯ ವಿವರಗಳನ್ನು ಓದಲು ನಿಮ್ಮ ಹೆಸರು ಬೇಕಿಲ್ಲ. ಸೇವೆ ಮಾಡಿಸುವುದಿದ್ದರೆ ಸಂಕಲ್ಪದಲ್ಲಿ ಹೇಳಬೇಕಾದ ಹೆಸರನ್ನು ಬರೆಯಿರಿ. ನಕ್ಷತ್ರ, ಗೋತ್ರಗಳನ್ನು ಬರೆಯುವುದೂ ಬಿಡುವುದೂ ನಿಮ್ಮ ಇಷ್ಟ. ದೂರವಾಣಿ ಸಂಖ್ಯೆಗೆ ರಶೀದಿಯನ್ನು ಮಾತ್ರ ಕಳುಹಿಸುತ್ತೇವೆ. ಬೇರಾವ ಸಂದೇಶವನ್ನೂ ಕಳುಹಿಸುವುದಿಲ್ಲ. ನಿಮ್ಮ ವಿವರಗಳನ್ನು ಯಾರಿಗೂ ಮಾರುವುದಿಲ್ಲ. ಕಾನೂನು ಇಡಬೇಕೆಂದ ಅವಧಿ ಮುಗಿದೊಡನೆ ಅಳಿಸುತ್ತೇವೆ. ಆ ತಾರೀಖನ್ನು ರಶೀದಿಯಲ್ಲಿಯೇ ಮುದ್ರಿಸಿದೆ. ಸಂದೇಹವಿದ್ದರೆ ಕಚೇರಿಯಲ್ಲಿ ಇಂಥ ಅಧಿಕಾರಿಯನ್ನು ಕೇಳಿರಿ.’

ಇಷ್ಟನ್ನು ಬರೆಯುವುದು ಸುಲಭ. ಬರೆದಂತೆ ನಡೆಯಬೇಕಾದರೆ ಮೊದಲು ಕೇಳುವುದನ್ನು ಕಡಮೆ ಮಾಡಬೇಕು. ಇರಿಸಿಕೊಳ್ಳದ ವಿವರವನ್ನು ಕಳ್ಳನೂ ಕದಿಯಲಾರನು.

ಇತಿಹಾಸಪ್ರಿಯರಿಗೆ ಇಲ್ಲೊಂದು ಶಂಕೆ ಏಳಬಹುದು. ಎಲ್ಲವನ್ನೂ ಅಳಿಸುತ್ತ ಹೋದರೆ ಎಂಟುನೂರು ವರ್ಷಗಳ ಬಳಿಕ ಬರುವವರಿಗೆ ನಮ್ಮ ಕಾಲದ ಕುರುಹು ಏನುಳಿದೀತು? ವರ್ಷಕ್ಕೆ ಎಷ್ಟು ಮಂದಿ ಬಂದರು, ಯಾವ ತಿಂಗಳಲ್ಲಿ ಹೆಚ್ಚು ಬಂದರು, ಯಾವ ಸೇವೆಗೆ ಎಷ್ಟು ಹಣ ಕೂಡಿತು ಎಂಬ ಲೆಕ್ಕಕ್ಕೆ ಹೆಸರುಗಳು ಬೇಕಿಲ್ಲ. ಅದು ಧಾರಾಳವಾಗಿ ಉಳಿಯಲಿ. ತಮ್ಮ ಕೊಡುಗೆ ತಿಳಿಯಬೇಕೆಂದು ಬಯಸುವವರು ಇಂದೂ ಗುಡಿಯ ಗೋಡೆಯ ಮೇಲೆ ಅಮೃತಶಿಲೆಯಲ್ಲಿ ಹೆಸರು ಕೆತ್ತಿಸುತ್ತಾರೆ, ಅದೂ ಉಳಿಯಲಿ. ಹೆಸರು ಉಳಿಯಬೇಕೋ ಬೇಡವೋ ಎಂಬುದನ್ನು ಹೆಸರಿನವರೇ ತೀರ್ಮಾನಿಸಲಿ ಎಂಬುದಷ್ಟೇ ನನ್ನ ಮಾತು.

ಪೋಲಾಳ್ವನು ತೀರ್ಮಾನಿಸಿದನು, ಅವನ ಹೆಸರು ಕಲ್ಲಿನಲ್ಲಿದೆ. ಈ ಎಂಟುನೂರು ವರ್ಷಗಳಲ್ಲಿ ತುಂಗಭದ್ರೆಯಲ್ಲಿ ಮಿಂದು ಬಂದು ಆ ಮೂರ್ತಿಯ ಮುಂದೆ ಕಣ್ಣೀರಿಟ್ಟವರು ಲಕ್ಷಾಂತರ ಮಂದಿ. ಅವರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಅವರು ಬಯಸಿದುದು ಅದನ್ನೇ. ಅವರ ಮೊಮ್ಮಕ್ಕಳಿಗೂ ಅಷ್ಟೇ ನೆಮ್ಮದಿ ದೊರೆಯುವಂತೆ ನೋಡಿಕೊಳ್ಳುವುದು ಗುಡಿಯ ಆಡಳಿತದವರ ಕರ್ತವ್ಯ. ದೊರೆಯದಿದ್ದಲ್ಲಿ, ವಿನಯದಿಂದಲೇ ಆದರೂ, ಕೇಳುವುದು ನಮ್ಮೆಲ್ಲರ ಕರ್ತವ್ಯ.