ಉಂಡು ಮಲಗುವ ಹೊತ್ತು ಒಂದಾಗಲಿ

ಹೊಟೇಲು ಉದ್ಯಮದ ನಾವು ಇಬ್ಬರು ಸೇರಿದರೆ ಮೂರು ವಿಷಯ ಮಾತಾಡುತ್ತೇವೆ. ಗ್ಯಾಸ್ ಸಿಲಿಂಡರಿನ ಬೆಲೆ, ಮನೆಬಾಗಿಲಿಗೆ ಊಟ ಮುಟ್ಟಿಸುವ ಕಂಪೆನಿಗಳ ಕಮಿಷನ್, ಮತ್ತೆ ಕೆಲಸದವರು ಸಿಗುವುದಿಲ್ಲ ಎಂಬ ದೂರು. ಮೊದಲಿನ ಎರಡು ನಮ್ಮ ಕೈಯಲ್ಲಿ ಇಲ್ಲ. ಮೂರನೆಯದರಲ್ಲಿ ಸ್ವಲ್ಪ ನಮ್ಮ ಕೈಯಲ್ಲಿದೆ. ಆ ಸ್ವಲ್ಪದ ಬಗ್ಗೆ ಉದ್ಯಮಿ ಮಿತ್ರರ ಜೊತೆ ನಾಲ್ಕು ಮಾತು ಹಂಚಿಕೊಳ್ಳಲು ಈ ಲೇಖನ.

ಕೆಲಸದವರ ಮಾತು ಬಂದಾಗ ನಾವು ಪಗಾರದ ಲೆಕ್ಕವನ್ನೇ ಹಾಕುತ್ತೇವೆ. ಆದರೆ ಊರಿಗೆ ಹೆಣ್ಣು ನೋಡಲು ಹೋಗಿ ಬಂದ ನಮ್ಮ ಹುಡುಗರನ್ನು ಕೇಳಿ ನೋಡಿ. ಉಡುಪಿ, ಕುಂದಾಪುರ, ಕಾರ್ಕಳ ಯಾವ ಕಡೆಯೇ ಇರಲಿ, ಹೆಣ್ಣಿನವರ ಮೊದಲ ಪ್ರಶ್ನೆ, "ಹುಡುಗ ಎಲ್ಲಿದ್ದಾನೆ?" ಮುಂಬಯಿ ಎಂದರೆ ಮುಖ ಅರಳುತ್ತದೆ. ಎರಡನೆಯ ಪ್ರಶ್ನೆ, "ಕೆಲಸ ಏನು?" ಹೊಟೇಲು ಎಂದ ಮೇಲೆ ಚಹಾದ ಲೋಟ ಬರುತ್ತದೆ, ಉತ್ತರ ಬರುವುದಿಲ್ಲ. ಪಗಾರ ಎಷ್ಟೆಂದು ಕೇಳುವ ತನಕ ಮಾತು ಹೋಗುವುದೇ ಇಲ್ಲ. ಹೊಟೇಲಿನವನಿಗೆ ಮನೆ ಎಲ್ಲಿ, ಹೊತ್ತು ಎಲ್ಲಿ ಎಂಬುದು ಅವರ ಯೋಚನೆ.

ಮನಿ ಆರ್ಡರ್ ಸಂಸಾರ

ಈ ಯೋಚನೆ ಸುಮ್ಮನೆ ಹುಟ್ಟಿದ್ದಲ್ಲ. ನಾನು ಹತ್ತನೇ ತರಗತಿ ಮುಗಿಸಿ 1980ರ ದಶಕದಲ್ಲಿ ಬಸ್ಸು ಹತ್ತಿ ಬಂದಾಗ ಹೊಟೇಲಿನಲ್ಲಿ ಮದುವೆಯಾದವರು ಬಹಳ ಮಂದಿ ಇದ್ದರು. ಹೆಂಡತಿ ಜೊತೆಗಿದ್ದವರು ಮಾತ್ರ ಬೆರಳೆಣಿಕೆ. ರಾತ್ರಿ ಶಟರ್ ಎಳೆದ ಮೇಲೆ ಮೇಜು ಜೋಡಿಸಿ ಅದರ ಮೇಲೆಯೇ ನಿದ್ದೆ. ತಿಂಗಳಿಗೊಂದು ಮನಿ ಆರ್ಡರ್, ಅದರ ಕೆಳಗಿನ ಚೂರು ಜಾಗದಲ್ಲಿ ನಾಲ್ಕು ಗೆರೆ ಕ್ಷೇಮ ಸಮಾಚಾರ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಊರು. ಮಗು ನಡೆಯಲು ಕಲಿತ ಸುದ್ದಿ ಕಾಗದದಲ್ಲಿ ಬರುತ್ತಿತ್ತು. ಆ ಕಾಲದ ಕ್ರಮ ಹಾಗಿತ್ತು, ಯಾರೂ ಪ್ರಶ್ನಿಸುತ್ತಿರಲಿಲ್ಲ.

1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. ಮತ್ಸ್ಯಗಂಧ ಗಾಡಿಯನ್ನು ಥಾಣೆಯಲ್ಲಿ ಮಧ್ಯಾಹ್ನದ ಮೇಲೆ ಹತ್ತಿದರೆ ಮರುದಿನ ಬೆಳಿಗ್ಗೆ ಉಡುಪಿ. ಆಮೇಲೆ ಮೊಬೈಲ್ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಊರಿನ ಹೆಣ್ಣುಮಕ್ಕಳು ಕಾಲೇಜು ಕಲಿತರು. ಬಿ.ಕಾಂ. ಮಾಡಿದ ಹುಡುಗಿ ಗಂಡನ ಮನಿ ಆರ್ಡರಿಗೆ ಅಂಗಳದಲ್ಲಿ ಕಾಯುತ್ತಾ ಕೂರುವುದಿಲ್ಲ, ಕೂರಬೇಕಾಗಿಯೂ ಇಲ್ಲ. ಮದುವೆಯಾದರೆ ಜೊತೆಗೆ ಬರುತ್ತಾಳೆ, ಬಂದರೆ ತಾನೂ ದುಡಿಯುತ್ತಾಳೆ. ಇಷ್ಟೆಲ್ಲ ಬದಲಾಯಿತು. ನಮ್ಮ ಹೊಟೇಲಿನ ಡ್ಯೂಟಿ ಪಟ್ಟಿ ಮಾತ್ರ ಮೇಜಿನ ಮೇಲೆ ಮಲಗುವವನ ಕಾಲದ್ದೇ ಉಳಿದಿದೆ.

ಮಾಜಿವಾಡಾದ ಒಂದು ಖೋಲಿ

ನನ್ನ ಹೊಟೇಲಿನಲ್ಲಿ ದೋಸೆ ಕಾವಲಿಯ ಮೇಲೆ ಒಬ್ಬ ಹುಡುಗ ಇದ್ದಾನೆ. ಹೆಸರು ಬೇಡ. ಮದುವೆಯಾಗಿ ಎರಡು ವರ್ಷ. ಗಂಡ ಹೆಂಡತಿ ಮಾಜಿವಾಡಾದ ಹಳೆ ಊರಿನ ಭಾಗದಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದಾರೆ. ಮಾಜಿವಾಡಾ ಗೊತ್ತಿಲ್ಲದ ಸದಸ್ಯರಿಗಾಗಿ ಹೇಳುತ್ತೇನೆ. ಮುಂಬಯಿ ಕಡೆಯಿಂದ ಬರುವ ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ, ನಾಸಿಕ್ ಕಡೆಯ ಹೆದ್ದಾರಿ, ಘೋಡ್‌ಬಂದರ್ ರಸ್ತೆ, ಈ ಮೂರೂ ಸೇರುವ ಜಾಗ ಅದು. ಮೇಲೆ ಫ್ಲೈಓವರು, ಪಕ್ಕದಲ್ಲಿ ಮೆಟ್ರೋ 4ನೇ ಮಾರ್ಗದ ಕಂಬಗಳು, ಸುತ್ತ ಮೂವತ್ತು ನಲವತ್ತು ಮಾಳಿಗೆಯ ಕಟ್ಟಡಗಳು. 2013ರಲ್ಲಿ ಸಮೀಪದಲ್ಲೇ ದೊಡ್ಡ ಮಾಲ್ ಬಂದ ಮೇಲೆ ಜನ ಇನ್ನೂ ಹೆಚ್ಚಾದರು. ಈ ಎತ್ತರದ ಕಟ್ಟಡಗಳ ನಡುವೆ ಆಗ್ರಿ, ಕೋಳಿ ಜನರ ಹಳೆ ಊರು ಈಗಲೂ ಇದೆ. ನಮ್ಮ ಹುಡುಗರ ಕೈಗೆಟಕುವ ಬಾಡಿಗೆ ಸಿಗುವುದು ಅಲ್ಲಿಯೇ.

ಹೆಂಡತಿಗೆ ಐರೋಲಿಯ ಒಂದು ಕಂಪೆನಿಯಲ್ಲಿ ಲೆಕ್ಕಪತ್ರದ ಕೆಲಸ. ಬೆಳಿಗ್ಗೆ 8ಕ್ಕೆ ಮನೆ ಬಿಟ್ಟು, ಶೇರ್ ರಿಕ್ಷಾದಲ್ಲಿ ಥಾಣೆ ಸ್ಟೇಶನ್, ಅಲ್ಲಿಂದ ವಾಶಿ ಕಡೆಯ ಗಾಡಿ. 2004ರಲ್ಲಿ ಈ ಟ್ರಾನ್ಸ್ ಹಾರ್ಬರ್ ಗಾಡಿ ಶುರುವಾಗದೆ ಇದ್ದರೆ ಥಾಣೆಯ ಎಷ್ಟೋ ಹೆಣ್ಣುಮಕ್ಕಳಿಗೆ ಆ ಕಡೆಯ ಕೆಲಸ ಕನಸಾಗಿಯೇ ಉಳಿಯುತ್ತಿತ್ತು. ಸಂಜೆ ಘೋಡ್‌ಬಂದರ್ ರಸ್ತೆಯ ಟ್ರಾಫಿಕ್ ದಾಟಿ ಅವಳು ಮನೆ ಮುಟ್ಟುವಾಗ 7.30.

ಗಂಡನ ಡ್ಯೂಟಿ ನಮ್ಮ ಲೈನಿನ ಹಳೆ ಕ್ರಮದ್ದು. ಬೆಳಿಗ್ಗೆ 6.30ರಿಂದ 11, ಮತ್ತೆ ಸಂಜೆ 6ರಿಂದ ರಾತ್ರಿ 10.30. ಕೂಡಿಸಿದರೆ ಒಂಬತ್ತು ಗಂಟೆ. ಕಾಗದದಲ್ಲಿ ಹೆಚ್ಚೇನೂ ಇಲ್ಲ. ಈಗ ಎರಡೂ ಹೊತ್ತನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಅವನು ಮಧ್ಯಾಹ್ನ ಮನೆಯಲ್ಲಿರುವಾಗ ಅವಳು ಐರೋಲಿಯಲ್ಲಿ. ಅವಳು ಮನೆಗೆ ಬರುವಾಗ ಅವನು ಕಾವಲಿಯ ಮುಂದೆ. ಅವನು ರಾತ್ರಿ 11ಕ್ಕೆ ಬರುವಾಗ ಅವಳಿಗೆ ನಿದ್ದೆ, ಯಾಕೆಂದರೆ ಬೆಳಿಗ್ಗೆ 5ಕ್ಕೆ ನಳ್ಳಿಯಲ್ಲಿ ನೀರು ಬರುತ್ತದೆ, ತುಂಬಿಸಬೇಕು. ರಜೆಯೂ ಬೇರೆ ಬೇರೆ. ಅವನಿಗೆ ಮಂಗಳವಾರ, ಅವಳಿಗೆ ಭಾನುವಾರ. ಒಂದೇ ಖೋಲಿ, ಒಂದೇ ಚಾಪೆ. ಆದರೆ ಪಾಳಿಯಲ್ಲಿ ಬಾಡಿಗೆಗೆ ಇರುವ ಇಬ್ಬರು ಅಪರಿಚಿತರ ಹಾಗೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ನಮಗೆಲ್ಲ ಗೊತ್ತು. ಒಟ್ಟಿಗೆ ಉಣ್ಣುವುದೇ ಇಲ್ಲದವರ ಜಗಳ ಯಾವಾಗ ಮುಗಿಯಬೇಕು? ಹಾಲಿನವನಿಗೆ ದುಡ್ಡು ಕೊಟ್ಟದ್ದು ಯಾರು, ಬಿಟ್ಟದ್ದು ಯಾರು ಎಂಬ ಸಣ್ಣ ಮಾತು ಬುಧವಾರ ಮೊಬೈಲಿನಲ್ಲಿ ಶುರುವಾಗಿ ಮುಂದಿನ ಮಂಗಳವಾರದ ತನಕ ನಡೆದಿತ್ತಂತೆ. ಎದುರು ಕೂತಿದ್ದರೆ ಒಂದು ತುತ್ತಿನಲ್ಲಿ ಮುಗಿಯುವ ಮಾತು ಅದು.

ಒಂದು ದಿನ ಆ ಹುಡುಗಿ ಗಲ್ಲಾದ ಹತ್ತಿರ ಬಂದು ನಿಂತಳು. ಪಗಾರ ಹೆಚ್ಚಿಸಿ ಎನ್ನಲಿಲ್ಲ. "ಅಣ್ಣ, ಇವರಿಗೆ ರಾತ್ರಿ ಊಟದ ಹೊತ್ತಿಗೆ ಮನೆಗೆ ಬರುವ ಹಾಗೆ ಏನಾದರೂ ಮಾಡಬಹುದಾ? ಇಲ್ಲದಿದ್ದರೆ ನಾವು ಊರಿಗೆ ಹೋಗುವುದೆಂದು ಇದ್ದೇವೆ" ಎಂದಳು. ಮುಂದಿನ ಮಾತು ಅವಳು ಬಾಯಿಬಿಟ್ಟು ಹೇಳಲಿಲ್ಲ, ನನಗೆ ಅರ್ಥವಾಯಿತು. ನಾಳೆ ಮಗುವಾದರೆ ಏನು? 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರವಾಗಿದೆ, ಒಳ್ಳೆಯದೇ. ಇಪ್ಪತ್ತೇಳನೆಯ ವಾರ ಮಗುವನ್ನು ಯಾರ ಕೈಗೆ ಕೊಟ್ಟು ಗಾಡಿ ಹತ್ತಬೇಕು? ಅವಳ ಕೆಲಸ ಹೋಗಬೇಕು, ಇಲ್ಲವೇ ನನ್ನ ದೋಸೆಯವನು ಹೋಗಬೇಕು.

ಕಾವಲಿಯ ಲೆಕ್ಕ

"ನೋಡುವ ತಂಗಿ" ಎಂದು ಹೇಳಿ ಕಳಿಸಿದೆ. ಆ ರಾತ್ರಿ ಕಾಗದ ಪೆನ್ನು ಹಿಡಿದು ಕೂತೆ. ಕಾವಲಿಗೆ ಇಬ್ಬರಿದ್ದಾರೆ, ಇಬ್ಬರದ್ದೂ ಒಡೆದ ಡ್ಯೂಟಿ. ಒಡೆಯದೆ ಒಂದೇ ಸಲದ ಡ್ಯೂಟಿ ಮಾಡಿದರೆ ಏನಾಗುತ್ತದೆ? ಒಬ್ಬನಿಗೆ ಬೆಳಿಗ್ಗೆ 6ರಿಂದ ಮಧ್ಯಾಹ್ನ 3, ನಡುವೆ ಊಟದ ಬಿಡುವು. ಇನ್ನೊಬ್ಬನಿಗೆ 2ರಿಂದ ರಾತ್ರಿ 11. ತೊಂದರೆ ಇರುವುದು ಗಿರಾಕಿಗಳ ನೂಕುನುಗ್ಗಲಿನ ಹೊತ್ತಿನಲ್ಲಿ. ಬೆಳಿಗ್ಗೆ 8ರಿಂದ 10.30, ಸಂಜೆ 7ರಿಂದ 9.30 ಎರಡು ಕೈ ಬೇಕೇ ಬೇಕು. ಬೆಳಗಿನ ಹೊತ್ತಿಗೆ ಹಿಟ್ಟು ರುಬ್ಬುವ ಹೆಲ್ಪರನನ್ನೇ ಕಾವಲಿಗೆ ತಯಾರು ಮಾಡಿದೆ, ಅವನಿಗೆ 2,500 ರೂಪಾಯಿ ಹೆಚ್ಚು. ಸಂಜೆಗೆ ಬರೀ ಮೂರು ತಾಸಿಗೆ ಒಬ್ಬನನ್ನು ಇಟ್ಟೆ, ಅವನಿಗೆ 7,500. ತಿಂಗಳಿಗೆ 10 ಸಾವಿರ ಖರ್ಚು ಮೇಲೆ ಬಿತ್ತು.

ಬಂದದ್ದು ಎಲ್ಲಿಂದ? ಮೊದಲು 11ಕ್ಕೆ ಆರಿಸಿದ ಕಾವಲಿ ಸಂಜೆ 6ರ ತನಕ ತಣ್ಣಗಿರುತ್ತಿತ್ತು. ಈಗ ಮಧ್ಯಾಹ್ನ 3ಕ್ಕೂ ದೋಸೆ ಇದೆ. ಕಾಲೇಜು ಬಿಟ್ಟ ಮಕ್ಕಳು, ಪಾಳಿ ಮುಗಿಸಿದ ಕೆಲಸಗಾರರು, ಡೆಲಿವರಿ ಆರ್ಡರು, ಎಲ್ಲ ಸೇರಿ ಆ ಹೊತ್ತಿನಲ್ಲಿ 30, 35 ದೋಸೆ ಹೋಗುತ್ತದೆ. ಹತ್ತು ಸಾವಿರ ಅದರಲ್ಲೇ ಹುಟ್ಟುತ್ತದೆ. ಹುಡುಗ ಬಿಟ್ಟು ಹೋಗಿದ್ದರೆ ಹೊಸಬನಿಗೆ ಕೊಡುವ ಅಡ್ವಾನ್ಸ್, ಅವನ ಕೈ ಹದಕ್ಕೆ ಬರುವ ತನಕ ಮುಖ ಹುಳಿ ಮಾಡುವ ಗಿರಾಕಿಗಳು, ಇದನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಎಲ್ಲವೂ ಸಲೀಸಾಯಿತು ಎಂದಲ್ಲ. ಸಂಜೆಯ ದೋಸೆ ಮೊದಲಿನ ಹಾಗಿಲ್ಲ ಎಂದು ಹಳೆ ಗಿರಾಕಿಗಳು ಎರಡು ತಿಂಗಳು ಹೇಳಿದರು. ಭಾನುವಾರದ ರಜೆ ಪ್ರತಿ ವಾರ ಕೊಡಲು ಸಾಧ್ಯವೇ ಇಲ್ಲ, ಹೊಟೇಲಿಗೆ ಭಾನುವಾರವೇ ಬೆಳೆ ಕೊಯ್ಯುವ ದಿನ. ತಿಂಗಳಿಗೊಂದು ಭಾನುವಾರ ಎಂದು ಒಪ್ಪಿಗೆಯಾಗಿದೆ. ಇನ್ನು ರಾತ್ರಿ ಪಾಳಿಯವನು ಈಗ ಬ್ರಹ್ಮಚಾರಿ, ಅವನಿಗೆ ರಾತ್ರಿಯೇ ಇಷ್ಟ. ನಾಳೆ ಅವನಿಗೂ ಮದುವೆಯಾದರೆ ಮತ್ತೆ ಕಾಗದ ಪೆನ್ನು ಹಿಡಿಯಬೇಕು.

ಖೋಲಿಯಲ್ಲಿ ಆದ ಬದಲಾವಣೆ ಮಾತ್ರ ಕಣ್ಣಿಗೆ ಕಾಣುತ್ತದೆ. ಹುಡುಗ ಮೂರೂವರೆಗೆ ಮನೆ ಮುಟ್ಟಿ ಒಂದು ನಿದ್ದೆ ತೆಗೆಯುತ್ತಾನೆ. ಬೆಳಗಿನ ನೀರು ಅವಳ ಪಾಲು, ಸಂಜೆಯ ಅಡುಗೆ ಅವನ ಪಾಲು. ಅವಳು ಬರುವಾಗ ಕುಚ್ಚಿಲಕ್ಕಿ ಅನ್ನ, ಸಾರು ತಯಾರು. ಮರುದಿನದ ಅವಳ ಡಬ್ಬಕ್ಕೂ ಒಂದು ಪಲ್ಯ ಮಾಡಿಡುತ್ತಾನೆ. ಎಂಟೂವರೆಗೆ ಇಬ್ಬರೂ ಕೂತು ಉಣ್ಣುತ್ತಾರೆ. ಊರಿಗೆ ಹೋಗುವ ಮಾತು ಆಮೇಲೆ ನನ್ನ ಕಿವಿಗೆ ಬಿದ್ದಿಲ್ಲ.

ಇಲ್ಲಿ ಒಂದು ಅಂಕಿ ಹೇಳಲೇಬೇಕು. ಕೇಂದ್ರ ಸರಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಅಂಥ ಕೆಲಸ ಮಾಡುವ ಗಂಡಸರು 88 ನಿಮಿಷ. ನಾನೂರು ಜನಕ್ಕೆ ಸಾಂಬಾರು ಕುದಿಸುವ ಗಂಡಸು ಮನೆಯಲ್ಲಿ ಒಂದು ಲೋಟ ನೀರಿಗೂ ಹೆಂಡತಿಯನ್ನು ಕರೆಯುವುದು ನಮ್ಮ ಲೈನಿನಲ್ಲೇ ಹೆಚ್ಚು. ಕೈಯಲ್ಲಿ ವಿದ್ಯೆ ಇಲ್ಲದೆ ಅಲ್ಲ, ಮನೆಯಲ್ಲಿ ಹೊತ್ತಿಲ್ಲದೆ. ಹೊತ್ತು ಕೊಟ್ಟರೆ ಹೊಟೇಲಿನ ಹುಡುಗನಂಥ ಗಂಡ ಬೇರೆ ಯಾವ ಕಂಪೆನಿಯಲ್ಲಿ ಸಿಕ್ಕಾನು?

ನಾವು ಮಾಡಬಹುದಾದದ್ದು

ವಾರಕ್ಕೊಂದು ರಜೆ, ರಜೆಯ ದಿನ ದುಡಿಸಿದರೆ ಬದಲಿ ರಜೆ, ಹೆಚ್ಚುವರಿ ಹೊತ್ತಿಗೆ ಇಮ್ಮಡಿ ಪಗಾರ, ಇವೆಲ್ಲ ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲೇ ಇವೆ. ನಾನು ಹೇಳುವುದು ಕಾಯ್ದೆ ಮುಟ್ಟದ ಸಣ್ಣ ವಿಷಯಗಳನ್ನು.

ಕೇಟರಿಂಗ್ ಮಾಡುವ ಮಿತ್ರರಿಗೆ ಒಂದು ಮಾತು. ಮದುವೆ ಮುಹೂರ್ತಗಳೆಲ್ಲ ಪಂಚಾಂಗದಲ್ಲಿ ವರ್ಷ ಮೊದಲೇ ಇವೆ. ಹಾಲ್ ಬುಕ್ಕಾಗಿ, ಮೆನು ಗಟ್ಟಿಯಾಗಿ ತಿಂಗಳುಗಳಾಗಿರುತ್ತವೆ. ತರಕಾರಿ ಹೆಚ್ಚುವ ಹುಡುಗನಿಗೆ ಮಾತ್ರ "ನಾಳೆ ಡೊಂಬಿವಲಿಯಲ್ಲಿ ಕೆಲಸ, ಇವತ್ತು ರಾತ್ರಿಯೇ ಟೆಂಪೋ ಹತ್ತು" ಎಂದು ಅದೇ ಸಂಜೆ ಹೇಳುವುದು ಏಕೆ? ಪ್ರತಿ ತಿಂಗಳ 25ಕ್ಕೆ ಮುಂದಿನ ತಿಂಗಳ ಪಟ್ಟಿ ಗೋಡೆಗೆ ಅಂಟಿಸಿದರೆ ಒಂದು ಕಾಗದದ ಖರ್ಚು. ರಾತ್ರಿಯಿಡೀ ಒಲೆಯ ಮುಂದೆ ನಿಂತವನಿಗೆ ಮರುದಿನ ಪೂರ್ತಿ ಬಿಡುವು, ಆ ದಿನ ಫೋನೂ ಇಲ್ಲ ಎಂದು ನಿಯಮ ಮಾಡಬಹುದು. ಹೊಸದಾಗಿ ಮದುವೆಯಾದವನಿಗೆ ಖೋಲಿಯ ಡಿಪಾಸಿಟ್ಟಿಗೆ ಸಾಲ ಕೊಟ್ಟು ತಿಂಗಳು ತಿಂಗಳು ಕಡಿದುಕೊಳ್ಳಬಹುದು. ಬಾಡಿಗೆಯ ತಾರೀಕಿಗೆ ಮೊದಲು ಪಗಾರ ಕೈಗೆ ಮುಟ್ಟಿಸಬಹುದು.

ನಮ್ಮ ಮಕ್ಕಳು ಇಂಜಿನಿಯರು, ಡಾಕ್ಟರು ಆಗುತ್ತಿದ್ದಾರೆ, ಸಂತೋಷ. ಗಲ್ಲಾದಲ್ಲಿ ಕೂರಲು ಯಾರಾದರೂ ಸಿಕ್ಕಿಯಾರು. ಕಾವಲಿಯ ಮುಂದೆ ನಿಲ್ಲುವ ಕೈ ಊರಿನಿಂದಲೇ ಬರಬೇಕು. ಆ ಕೈ ಹಿಡಿಯಲು ಒಬ್ಬ ಹುಡುಗಿ ಒಪ್ಪಬೇಕು, ಒಪ್ಪಿ ಬಂದವಳು ಇಲ್ಲಿ ನಿಲ್ಲಬೇಕು. ಹೆಣ್ಣಿನವರು ಕೇಳುವ ಎರಡನೆಯ ಪ್ರಶ್ನೆಗೆ ನಮ್ಮ ಹುಡುಗ ತಲೆ ಎತ್ತಿ, "ಹೊಟೇಲು. ರಾತ್ರಿ ಊಟಕ್ಕೆ ಮನೆಯಲ್ಲಿರುತ್ತೇನೆ" ಎಂದು ಹೇಳುವ ಹಾಗೆ ಆಗಬೇಕು. ಸಂಘದ ಮುಂದಿನ ಸಭೆಯಲ್ಲಿ ಗ್ಯಾಸು, ಕಮಿಷನ್ನಿನ ಜೊತೆಗೆ ಡ್ಯೂಟಿ ಪಟ್ಟಿಯ ವಿಷಯವನ್ನೂ ಇಡೋಣ. ಸದಸ್ಯರು ತಮ್ಮ ತಮ್ಮ ಹೊಟೇಲಿನ ಪಟ್ಟಿಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿಯೇ ಸಭೆಗೆ ಬರಬೇಕಾಗಿ ನನ್ನ ವಿನಂತಿ.